ಮಡುವಿನವ ದ್ಯಾವಪ್ಪ

ಕೂತುಕೊಳ್ಳಿ, ಹೇಳ್ತೀನಿ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದಂತೆ ಇದು. ಹೊಳೆ ಬೇಸಿಗೆಯಲ್ಲೂ ತುಂಬಿ ಹರಿಯುತ್ತಿದ್ದ ಕಾಲದಲ್ಲಿ ಕರಿಮಡು ಅಂತ ಒಂದು ಊರಿತ್ತು. ಊರ ಪಕ್ಕದಲ್ಲೇ ಹೊಳೆ ತಿರುವು ತಗೊಳ್ಳೋ ಕಡೆ ಒಂದು ಮಡು. ಅದರ ತಳ ಕಂಡವರಿಲ್ಲ. ಸುಡು ಬಿಸಿಲಲ್ಲೂ ಅಲ್ಲಿ ನೀರು ಕಪ್ಪಗೇ ಇರುತ್ತಿತ್ತಂತೆ.

ತಳ ಕಂಡವನು ಒಬ್ಬನೇ, ದ್ಯಾವಪ್ಪ. ಮಡುವಿನಲ್ಲಿ ಮುಳುಗಿ ಸತ್ತವರನ್ನು ಮೇಲೆ ತರೋದು ಅವನ ಕೆಲಸ. ಮನೆಯಲ್ಲಿ ಹೆಂಗಸರು ಒಂದು ಬುಟ್ಟಿ ರೊಟ್ಟಿ ಬಡಿದು ಮುಗಿಸೋ ತನಕ ನೀರಿನೊಳಗೆ ಉಸಿರು ಹಿಡೀತಿದ್ದನಂತೆ. ಹೆಣವನ್ನು ಮಲಗಿದ ಕೂಸನ್ನು ಎತ್ತಿದ ಹಾಗೆ ಎತ್ತಿ ತರುತ್ತಿದ್ದನಂತೆ. ಅತ್ತವನಲ್ಲ, ಅಂಜಿದವನಲ್ಲ.

ಆದರೆ ಊರಲ್ಲಿ ಯಾರೂ ಅವನನ್ನು ದ್ಯಾವಪ್ಪ ಅನ್ನುತ್ತಿರಲಿಲ್ಲ. ಮಡುವಿನವ ಅನ್ನುತ್ತಿದ್ದರು. ಸಾವಾದರೆ ಅವನ ಮನೆಗೆ ಓಡೋರು, ಮದುವೆಯಾದರೆ ಅವನ ಮನೆ ದಾಟಿ ಹೋಗೋರು. ಊಟದ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿದವರಿಲ್ಲ. ಮನೆಯಲ್ಲಿ ಹೆಂಡತಿ ಹುಲಿಗೆವ್ವ ಇದ್ದಳು. ಆಕೆ ಕುಟ್ಟುವಾಗ, ಬೀಸುವಾಗ ಇವನು ಸೊಟ್ಟ ದನಿಯಲ್ಲಿ ಹಾಡು ಹೇಳುತ್ತಿದ್ದನಂತೆ, ಆಕೆ ಬಿದ್ದು ಬಿದ್ದು ನಗುತ್ತಿದ್ದಳಂತೆ. ಆಕೆ ಜ್ವರ ಬಂದು ತೀರಿಕೊಂಡಳು. ಆಮೇಲೆ ಅವನು ಹಾಡಲಿಲ್ಲ. ಕೆಲಸ ಇರಲಿ, ಇಲ್ಲದಿರಲಿ, ದಿನಾ ಮಡುವಿನ ದಂಡೆಗೇ ಹೋಗಿ ಕೂಡುತ್ತಿದ್ದ.

ಒಂದು ದಿನ ಅಗಸರ ಗಂಗಿ ಕಾಲು ಜಾರಿ ಮಡುವಿಗೆ ಬಿದ್ದಳು. ನಡುಮಧ್ಯಾಹ್ನ. ಮಡುವಿನವ ಇಳಿದ. ತಳಕ್ಕೆ ಹೋಗಿ ನೋಡುತ್ತಾನೆ, ಅಲ್ಲಿ ಜನ ಸಾಲಾಗಿ ಊಟಕ್ಕೆ ಕೂತಿದ್ದಾರೆ! ಹೆಂಗಸರು, ಗಂಡಸರು, ಸಣ್ಣ ಮಕ್ಕಳು. ಎಲ್ಲರ ಗುರುತೂ ಅವನಿಗಿತ್ತು. ಎಲ್ಲರನ್ನೂ ಅವನೇ ಎತ್ತಿ ತಂದವನು, ಎಲ್ಲರನ್ನೂ ಮಣ್ಣು ಮಾಡಿದ್ದನ್ನು ಕಣ್ಣಾರೆ ನೋಡಿದವನು. ಗಂಗಿಯೂ ಸಾಲಿನ ಕೊನೆಗೆ ಕೂತಿದ್ದಳು. ಆಕೆಯ ಮಗ್ಗುಲಲ್ಲಿ ಒಂದು ಎಲೆ ಖಾಲಿ.

"ಬಾ ಮಡುವಿನವ," ಅಂದಳಂತೆ ಗಂಗಿ. "ನಿನ್ನ ಜಾಗ ಹಿಡಿದು ಕುಂತೀವಿ."

ಎಂದೂ ಯಾರೂ ಕರೆಯದವನನ್ನು ಊಟಕ್ಕೆ ಕರೆದರು ನೋಡಿ! ಅವನಿಗೆ ಅಂಜಿಕೆ ಬರಲಿಲ್ಲ, ಎದೆ ತುಂಬಿ ಬಂತು. ಮಂಡಿ ಮಡಚಿದ. ಕೂಡೋ ಮೊದಲು ಒಂದು ಮಾತು ಕೇಳಿದ.

"ಹುಲಿಗೆವ್ವ ಎಲ್ಲಿ ಕುಂತಾಳ?"

ಸಾಲಿನವರೆಲ್ಲ ಒಟ್ಟಿಗೆ ತಲೆ ಎತ್ತಿದರು. "ಆಕಿ ಇಲ್ಲಿಲ್ಲ. ಇಲ್ಲಿ ಇರೋದು ನೀ ಕೆಲಸಕ್ಕ ಇಳಿದು ಎತ್ತಿದವರು ಅಷ್ಟ."

ಹಾಡಿ ಹೆಂಡತಿಯನ್ನು ನಗಿಸಿದ ಗಂಡಸೊಬ್ಬ ಇದ್ದನಲ್ಲ, ಅವನಿಗೆ ಇಲ್ಲಿ ಎಲೆ ಇಲ್ಲ ಅಂತ ಹೊಳೆಯಿತು. ಮಡಚಿದ ಮಂಡಿ ಎತ್ತಿದ. ಗಂಗಿಯ ರಟ್ಟೆ ಹಿಡಿದು ಮೇಲಕ್ಕೆ ಬಂದ. ದಂಡೆಯ ಮೇಲೆ ನೋಡಿದರೆ ಆಕೆ ತಣ್ಣನೆಯ ಹೆಣ.

"ಇನ್ನ ನಾ ಇಳಿಯಂಗಿಲ್ಲ," ಅಂದ.

ಊರ ಗೌಡ ಸಿಟ್ಟಾದ. "ನೀ ಇಳೀದಿದ್ರ ಮತ್ಯಾರು ಇಳೀಬೇಕು? ಮಡುವಿನವ ಅಲ್ಲೇನು ನೀನು?"

"ಇಬ್ಬರು ಗಟ್ಟಿ ಆಳು ಕೊಡ್ರಿ ಗೌಡ್ರ. ಸೊಂಟಕ್ಕ ಹಗ್ಗ ಕಟ್ಟಿ ಇಳಿಯೋದು ಕಲಿಸ್ತೀನಿ. ಒಬ್ಬಾಂವನ ಇಳಿಯೋ ಕೆಲಸ ಅಲ್ಲ ಅದು."

ಹೇಳಿದ ಹಾಗೆ ಕಲಿಸಿದ. ಆದರೆ ಕೆಲಸ ಬಿಟ್ಟ ಮೇಲೇ ಕಾಟ ಶುರುವಾಯಿತಂತೆ. ದಿನಾ ನಡುಮಧ್ಯಾಹ್ನ ಮಡುವಿನ ಕಡೆಯಿಂದ ದನಿ. "ಮಡುವಿನವಾ... ಮಡುವಿನವಾ..." ಊರ ನಾಯಿಗಳು ಬಾಲ ಮುದುರಿಕೊಂಡು ಒಳಗೆ ಸೇರುತ್ತಿದ್ದವಂತೆ. ಇವನ ಕಾಲು ತಾವಾಗಿಯೇ ಏಳುತ್ತಿದ್ದವು. ಹೋಗದೆ ಇದ್ದರೆ ತಾನು ಯಾರು, ಇಡೀ ದಿನ ಏನು ಮಾಡಬೇಕು, ಅವನಿಗೆ ತಿಳಿಯದು.

ಒಂದು ದಿನ ಎರಡು ಹೆಜ್ಜೆ ಹೊಳೆ ಕಡೆ ಇಟ್ಟವನು ಮೂರನೆಯದನ್ನು ತಿರುಗಿಸಿ ಅಕ್ಕನ ಊರಿನ ಹಾದಿ ಹಿಡಿದ. ಅಕ್ಕ ದುರುಗವ್ವನಿಗೆ ವಯಸ್ಸಾಗಿ ಕಣ್ಣು ಹೋಗಿತ್ತು. ಹೆಜ್ಜೆ ಸಪ್ಪಳಕ್ಕೇ, "ದ್ಯಾವಾ, ಬಂದ್ಯಾ?" ಅಂದಳು. ಆ ಹೆಸರು ಕೇಳಿ ಅವನು ಹೊಸ್ತಿಲಲ್ಲೇ ಕುಸಿದು ಕೂತ.

"ಅಕ್ಕಾ, ನೀರಿಗೆ ಇಳಿಯೋಕಿಂತ ಮೊದಲ ನಾ ಹೆಂಗಿದ್ದೆ?"

"ಅಳಬುರುಕ ಇದ್ದಿ," ಅಂತ ನಕ್ಕಳಂತೆ ಆಕೆ. "ಅವ್ವ ಕಥಿ ಹೇಳಿದ್ರ, ಕಥಿಯೊಳಗ ಒಂದು ಆಕಳ ಕರು ತಪ್ಪಿಸಿಕೊಂಡ್ರ ಸಾಕು, ನೀ ಎರಡು ದಿನ ಉಣ್ತಿದ್ದಿಲ್ಲ."

ಸತ್ತವರನ್ನೆಲ್ಲ ಹೊತ್ತು ತಂದರೂ ಅಳದವನು ಅವತ್ತು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಹೊತ್ತು ಮುಳುಗೋ ತನಕ ಅತ್ತನಂತೆ.

ಊರಿಗೆ ಬಂದವನು ಕಟ್ಟೆಯ ಮೇಲೆ ಕಥೆ ಹೇಳೋರ ಹತ್ತಿರ ಹೋಗಿ ಕೂಡತೊಡಗಿದ. ಮೊದಮೊದಲು ಜನ ದೂರ ಸರಿದರು. ಇವನು ಕಥೆ ಕೇಳಿ ಅಳುತ್ತಾನೆ, ನಗುತ್ತಾನೆ, "ಆಮ್ಯಾಲೆ ಏನಾತು?" ಅಂತ ಕೇಳುತ್ತಾನೆ. ಹೋಗ್ತಾ ಹೋಗ್ತಾ ಇವನು ಬಾರದೆ ಕಥೆ ಶುರುವಾಗದಂತಾಯಿತು. "ದ್ಯಾವಪ್ಪ ಬರಲಿ ತಡಿರಿ," ಅನ್ನೋರಂತೆ.

ಆಗ ಮಡುವೂ ಆ ಹೆಸರು ಕಲಿತುಕೊಂಡಿತು. ಒಂದು ಮಧ್ಯಾಹ್ನ ದನಿ ಬಂತು. "ದ್ಯಾವಪ್ಪಾ..." ಥೇಟು ಹುಲಿಗೆವ್ವನ ದನಿ.

ಕಟ್ಟೆಯ ಮೇಲಿದ್ದವರು ಕಲ್ಲಾದರು. ದ್ಯಾವಪ್ಪ ಹೊಳೆ ಕಡೆ ಮುಖ ಮಾಡಿದ. ಹುಲಿಗೆವ್ವ ಬದುಕಿರೋ ತನಕ ಗಂಡನ ಹೆಸರು ಹಿಡಿದು ಕರೆದವಳಲ್ಲ. "ನೀ ಆಕಿ ಅಲ್ಲ," ಅಂದ. "ನನ್ನ ನಿನಗ ಗೊತ್ತಿಲ್ಲ." ಹಾಗಂದು, ಎಷ್ಟೋ ವರ್ಷದ ಮೇಲೆ, ಸೊಟ್ಟ ದನಿಯಲ್ಲಿ ಹಾಡು ಎತ್ತಿದನಂತೆ. ಮಡುವಿನ ನೀರು ಒಮ್ಮೆ ಸುತ್ತು ತಿರುಗಿ ಸುಮ್ಮನಾಯಿತಂತೆ. ಆಮೇಲೆ ಅವನನ್ನು ಅದು ಕರೆಯಲಿಲ್ಲ. ಅವನು ಹಣ್ಣು ಹಣ್ಣು ಮುದುಕನಾಗಿ, ಹಾಸಿಗೆಯ ಮೇಲೆ, ನಾಲ್ಕು ಜನರ ನಡುವೆ ಸತ್ತ.

ಇವತ್ತಿಗೂ ಆ ಕಡೆ ಒಂದು ಪದ್ಧತಿ ಇದೆ. ಕುಂಬಾರ ಕೆಲಸ ಬಿಟ್ಟು ತಿಗರಿ ನಿಲ್ಲಿಸಿದ ದಿನ, ಕಮ್ಮಾರ ಸುತ್ತಿಗೆ ಇಳಿಸಿದ ದಿನ, ಸೂಲಗಿತ್ತಿ ಇನ್ನು ಕೈಲಾಗದು ಅಂದ ದಿನ, ಓಣಿಯವರೆಲ್ಲ ಅವರ ಮನೆಗೆ ಹೋಗಿ ನಡುಮಧ್ಯಾಹ್ನ ಕೂಡುತ್ತಾರೆ. ಕೆಲಸದ ಮಾತು ಎತ್ತೋದಿಲ್ಲ. ಸಣ್ಣವರಿದ್ದಾಗ ನೀವು ಹೇಗಿದ್ದಿರಿ ಅಂತ ಕೇಳುತ್ತಾರೆ, ನಗುತ್ತಾರೆ, ಬಿಸಿಲು ಇಳಿಯೋ ತನಕ ಏಳೋದಿಲ್ಲ. ಆ ಹೊತ್ತಿನಲ್ಲಿ ಹೊರಗೆ ಯಾರೋ "ಕುಂಬಾರಾ" ಅಂತಲೋ "ಕಮ್ಮಾರಾ" ಅಂತಲೋ ಕರೆದರೆ, ಒಳಗಿನವರು ಯಾರೂ ಬಾಗಿಲು ತೆರೆಯೋದಿಲ್ಲ.