ಕಾಳಯುಕ್ತ ಸಂವತ್ಸರದ ಕೊನೆಯ ಬೊಗಸೆ

ಬಾರಕೂರಿನ ಬಂದರಿನಿಂದ ಘಟ್ಟ ಹತ್ತಿ ದೋರಸಮುದ್ರಕ್ಕೆ ಹೋಗುವ ಕುದುರೆ ದಾರಿಯಲ್ಲಿ, ಏರು ಶುರುವಾಗುವ ಮೊದಲು, ತೆಂಗಿನ ಮಡಲು ಹೊದಿಸಿದ ಒಂದು ಅರವಟ್ಟಿಗೆ ಇತ್ತು. ಮಹಾತಾಯಿ ಕೇತವ್ವೆಯವರು ನೆಲೆಸಿದ್ದು ಅಲ್ಲಿಯೇ. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಮರಳಲ್ಲಿ ಹುಗಿದ ನಾಲ್ಕಾರು ಮಣ್ಣಿನ ಕೊಡಗಳು, ಒಂದು ಗಿಂಡಿ, ಕುಳಿತುಕೊಳ್ಳಲು ಒಂದು ಚಾಪೆ, ಇಷ್ಟೇ ಅವರ ಆಸ್ತಿ. ನಸುಕಿನಲ್ಲಿ ಹೊಳೆಯಿಂದ ನೀರು ಹೊತ್ತು ತಂದು, ದಾರಿಹೋಕರ ಬೊಗಸೆಗೆ ಎರೆಯುವುದೊಂದೇ ಅವರು ಮಾಡುತ್ತಿದ್ದ ಪೂಜೆ.

ಆ ಅರವಟ್ಟಿಗೆಗೆ ಅಮ್ಮನವರು ಎರಡು ಕಟ್ಟಳೆಗಳನ್ನು ಇಟ್ಟಿದ್ದರು. ಎರೆಯುವವರು ಯಾರನ್ನೂ ಯಾರು, ಎತ್ತಣವರು ಎಂದು ಕೇಳಬಾರದು. ಕುಡಿಯುವವರು ಕೊನೆಯ ಬೊಗಸೆಯನ್ನು ತಾವು ಕುಡಿಯದೆ, ಅಲ್ಲಿದ್ದ ಕರಿಕಲ್ಲಿನ ಬುಡಕ್ಕೆ ಬಿಡಬೇಕು. ಇನ್ನೂ ನೀರು ಕಾಣದೆ ದಾರಿಯಲ್ಲಿರುವವರ ಹೆಸರಿನಲ್ಲಿ ಅದು ಅರ್ಪಿತ. ಘಟ್ಟದ ದಾರಿ ತುಳಿದವರಿಗೆಲ್ಲ ಇದು ರೂಢಿಯಾಗಿ ಹೋಗಿತ್ತು. ದೊಡ್ಡ ದೊಡ್ಡ ಸೆಟ್ಟರೂ ಬಗ್ಗಿ ಕಲ್ಲಿಗೆ ನೀರು ಬಿಟ್ಟೇ ಮುಂದೆ ಹೋಗುತ್ತಿದ್ದರು.

ಕಾಳಯುಕ್ತ ಸಂವತ್ಸರ ಬಂದಿತು. ಲೋಕಕ್ಕೆ ಅದೇನು ಬಡಿದಿತ್ತೋ, ಬಂದ ಹಡಗುಗಳೆಲ್ಲ ಕುದುರೆಗಿಂತ ಹೆಚ್ಚಾಗಿ ಸುದ್ದಿಯನ್ನೇ ಹೇರಿಕೊಂಡು ಬರತೊಡಗಿದವು. ಪಡುವಣ ದೇಶಗಳಲ್ಲಿ ಸೂರ್ಯ ಮಂಕಾಗಿ ಬೇಸಿಗೆಯೇ ಬರಲಿಲ್ಲವಂತೆ, ಬೆಳೆ ಕೊಳೆತು ಜನ ಬೀದಿಯಲ್ಲಿ ಸಾಯುತ್ತಿದ್ದಾರಂತೆ. ಬಡಗಣ ಹುಲ್ಲುಗಾವಲಿನ ಕುದುರೆ ದಂಡು ಬಾಗದಾದು ಎಂಬ ಮಹಾನಗರವನ್ನು ಮುತ್ತಿ ಸುಟ್ಟಿತಂತೆ, ಅಲ್ಲಿನ ದೊರೆಯೂ ಉಳಿಯಲಿಲ್ಲವಂತೆ. ಅದೇ ಜನರ ಇನ್ನೊಂದು ದಂಡು ಮೂಡಣ ಕಡಲಾಚೆಯ ಕಾಡುಗಳಲ್ಲಿ ಸೋತು ಹಿಂದಿರುಗಿತಂತೆ. ಬಾರಕೂರಿನ ಸಂತೆಕಟ್ಟೆಯಲ್ಲಿ ಜನ ಬಾಯಿ ಚಪ್ಪರಿಸಿ ಇದನ್ನೆಲ್ಲ ಹೇಳುವರು, ಕೇಳುವರು, ಮನೆಗೆ ಹೋಗಿ ಗಂಜಿ ಉಂಡು ಮಲಗುವರು. ಊರಾಚೆಯ ಬೆಂಕಿ ಯಾರ ಮೈಗೆ ಬಿಸಿ?

ಒಬ್ಬಳಿಗೆ ಮಾತ್ರ ಅದು ಬಿಸಿಯಾಗಿತ್ತು. ಕುದುರೆ ವ್ಯಾಪಾರಿ ಕೊಮ್ಮಸೆಟ್ಟಿಯ ಮಡದಿ ಸಾವಿಯಕ್ಕ. ಕಡಲು ದಾಟಿದ ಆಕೆಯ ಗಂಡ ಬಾಗದಾದಿನ ಕುದುರೆ ಲಾಯದಲ್ಲಿದ್ದಾನೆಂಬ ಸುದ್ದಿ ಎಂದೋ ಬಂದಿತ್ತು, ಆಮೇಲೆ ಏನೂ ಇಲ್ಲ. ಸುದ್ದಿಯಿಲ್ಲದೆ ಹನ್ನೆರಡು ವರ್ಷ ತುಂಬಿದರೆ ದರ್ಭೆಯ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸುವುದು ಆ ಮನೆತನದ ಕಟ್ಟಳೆ. ಆ ಸಂವತ್ಸರದ ಕೊನೆಗೆ ಹನ್ನೆರಡು ತುಂಬುವುದಿತ್ತು.

"ಅತ್ತಿಗೆ, ಇನ್ನೆಷ್ಟು ಸಮಯ ಕಾಯೂದು? ಊರೇ ಸುಟ್ಟುಹೋಯ್ತಂತಲ್ಲ," ಎಂದ ಮೈದುನ ಬೈಚಸೆಟ್ಟಿ.

ಸಾವಿಯಕ್ಕ ಒಪ್ಪಲಿಲ್ಲ. ಗಂಡ ಬದುಕಿಯೇ ಇದ್ದಾನೆಂಬ ಭ್ರಮೆ ಆಕೆಗೂ ಇರಲಿಲ್ಲ. ಆಕೆಯನ್ನು ಸುಡುತ್ತಿದ್ದ ಸಂಕಟ ಬೇರೆ. ಉಸಿರು ಹೋಗುವ ಹೊತ್ತಿನಲ್ಲಿ ಆತನ ಬಾಯಿಗೆ ನೀರು ಬಿಟ್ಟವರು ಯಾರಾದರೂ ಇದ್ದರೇ? ಒಣಗಿದ ನಾಲಗೆಯಲ್ಲಿ ಹೋದವನ ಬೊಂಬೆಗೆ ಬೆಂಕಿ ಇಡುವುದು ಹೇಗೆ? ಇದನ್ನು ತಿಳಿಯುವ ಹಂಬಲದಲ್ಲಿ ಆಕೆಗೆ ಅನ್ನ ಸೇರುತ್ತಿರಲಿಲ್ಲ.

ಕಡಲಾಚೆಯಿಂದ ಬಂದ ಪ್ರತಿಯೊಬ್ಬರೂ ಕೇತವ್ವೆಯವರ ಅರವಟ್ಟಿಗೆಯಲ್ಲಿ ನಿಲ್ಲಲೇಬೇಕು. ಅದಕ್ಕೇ ಆಕೆ ಅಮ್ಮನವರಲ್ಲಿಗೆ ಬಂದು, ನೀರೆರೆಯುವ ಕೆಲಸ ಕೊಡಿರೆಂದು ಬೇಡಿಕೊಂಡಳು. ಅಮ್ಮನವರು ಗಿಂಡಿಯನ್ನು ಆಕೆಯ ಕೈಗಿತ್ತರು.

ಆದರೆ ಹಂಬಲ ಕಟ್ಟಳೆಯನ್ನು ಕೇಳೀತೇ? ಯಾರು ಬಂದು ಬೊಗಸೆಯೊಡ್ಡಿದರೂ ಸಾವಿಯಕ್ಕ ಗಿಂಡಿಯನ್ನು ಎತ್ತಿ ಹಿಡಿದು, "ಬಾಗದಾದಿನಿಂದ ಬಂದಿರಾ? ನಮ್ಮ ಯಜಮಾನರನ್ನು ಕಂಡಿರಾ? ಎಡಹುಬ್ಬಿನ ಮೇಲೆ ಕುದುರೆ ಒದ್ದ ಗಾಯ ಉಂಟು," ಎಂದು ಕೇಳುವಳು. ಉತ್ತರ ಬಂದ ಮೇಲೆಯೇ ಗಿಂಡಿ ಬಾಗುವುದು. ಒಂದು ಮಧ್ಯಾಹ್ನ ತುಟಿ ಒಡೆದ, ಹೊರೆ ಹೊರುವ ಮುದುಕನೊಬ್ಬ ಮಂಡಿಯೂರಿ ಬೊಗಸೆಯೊಡ್ಡಿದ. ಗಂಟಲು ಒಣಗಿ ಅವನಿಗೆ ಮಾತು ಹೊರಡಲೊಲ್ಲದು. ಆಕೆ ಮತ್ತೆ ಕೇಳಿದಳು, ಮತ್ತೂ ಕೇಳಿದಳು. ಮುದುಕ ಬೊಗಸೆ ಬಿಡಿಸದೆ ಸುಮ್ಮನೆ ಕಣ್ಣೀರು ಸುರಿಸಿದ.

ಕೇತವ್ವೆಯವರು ಎದ್ದು ಬಂದರು. ಆಕೆಯ ಕೈಯನ್ನು ತಾವೇ ಬಾಗಿಸಿ ಮುದುಕನಿಗೆ ನೀರೆರೆದರು. ಅವನು ಕುಡಿದು ಕಲ್ಲಿಗೆ ನೀರು ಬಿಟ್ಟು ಹೋಗುವವರೆಗೆ ಕಾದು, ಮೆಲ್ಲಗೆ ನುಡಿದರು:

"ಮಗಳೆ, ನಿನ್ನವನ ಬಾಯಿಗೆ ಎಲ್ಲೋ ಒಬ್ಬರು ನೀರು ಬಿಡಬೇಕು. ಅವರೂ ನಿನ್ನ ಹಾಗೆ ಕೇಳುತ್ತ ನಿಂತರೆ?"

ಸಾವಿಯಕ್ಕನ ಕೈಯಿಂದ ಗಿಂಡಿ ಜಾರಿತು. ಆಕೆ ಅಮ್ಮನವರ ಪಾದಗಳಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮನವರು ತಲೆ ಸವರಿದರು.

ಅಂದಿನಿಂದ ಆಕೆ ಯಾರನ್ನೂ ಕೇಳಲಿಲ್ಲ. ಕೇಳದಿರುವುದು ಸುಲಭವೆಂದು ತಿಳಿಯಬೇಡಿ. ಪರದೇಶದ ಮುಖ ಕಂಡೊಡನೆ ಪ್ರಶ್ನೆ ನಾಲಗೆಯ ತುದಿಗೆ ಬರುತ್ತಿತ್ತು, ಆಕೆ ತುಟಿ ಕಚ್ಚಿ ಬೊಗಸೆಯನ್ನೇ ನೋಡುತ್ತ ಎರೆಯುತ್ತಿದ್ದಳು. ಮಳೆಗಾಲ ಕಳೆಯಿತು, ಗಾಳಿ ತಿರುಗಿ ಹಡಗುಗಳು ಮತ್ತೆ ಬಂದವು. ಹಂಬಲವೇನೂ ಕಡಿಮೆಯಾಗಲಿಲ್ಲ. ನೀರಿನ ಜೊತೆ ಅದೂ ಹರಿಯುವುದನ್ನು ಕಲಿಯಿತು, ಅಷ್ಟೆ.

ಫಾಲ್ಗುಣ ಮುಗಿಯುತ್ತ ಬಂದಾಗ ಬೈಚಸೆಟ್ಟಿ ದರ್ಭೆಯ ಕಟ್ಟು ಹೊತ್ತುಕೊಂಡೇ ಅರವಟ್ಟಿಗೆಗೆ ಬಂದ. "ನೀರು ಕುಡಿಸ್ತಾ ಕೂತ್ರೆ ಹೋದವ ಬರ್ತಾನಾ, ಅಮ್ಮಾ? ನೀವಾದರೂ ನಮ್ಮ ಅತ್ತಿಗೆಗೆ ಬುದ್ಧಿ ಹೇಳಿ," ಎಂದು ಕೇತವ್ವೆಯವರ ಮೇಲೆಯೇ ರೇಗಿದ.

"ಬಿಸಿಲಲ್ಲಿ ಬಂದಿದ್ದೀಯಪ್ಪ. ಮೊದಲು ಕುಡಿ," ಎಂದರು ಅಮ್ಮನವರು.

ಅವನಿಗೆ ನೀರೆರೆಯುತ್ತಿದ್ದಾಗಲೇ ಬಂದರಿನ ಕಡೆಯಿಂದ ಪರದೇಶಿಯೊಬ್ಬ ಕುಂಟುತ್ತ ಬಂದ. ನರೆತ ಗಡ್ಡ, ಸುಟ್ಟ ಗಾಯದಿಂದ ಮುರುಟಿದ ಕಿವಿ. ಆ ದಾರಿಗೆ ಅವನು ಹೊಸಬನೆಂಬುದು ನಡೆಯಲ್ಲೇ ತಿಳಿಯುತ್ತಿತ್ತು. ಸಾವಿಯಕ್ಕ ಅವನ ಬೊಗಸೆಗೆ ಎರೆದಳು. ಅವನು ಕುಡಿದ, ಮತ್ತೆ ಕುಡಿದ. ಕೊನೆಗೆ ತುಂಬಿದ ಬೊಗಸೆಯನ್ನು ಹಾಗೆಯೇ ಹಿಡಿದು ಸುತ್ತ ಹುಡುಕಿ, ಕರಿಕಲ್ಲನ್ನು ಕಂಡು, ಅದರ ಬುಡಕ್ಕೆ ಮೆಲ್ಲಗೆ ನೀರು ಬಿಟ್ಟ.

ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಆದರೂ ಸಾವಿಯಕ್ಕ ಕೇಳಲಿಲ್ಲ. ಗಿಂಡಿಯನ್ನು ಎದೆಗವಚಿಕೊಂಡು ಅಮ್ಮನವರ ಮುಖವನ್ನು ನೋಡಿದಳು.

ಕೇತವ್ವೆಯವರು ಪರದೇಶಿಯ ಕಡೆಗೆ ತಿರುಗಿದರು. "ಈ ಕಲ್ಲು ನಿನಗೆ ಹೇಗೆ ಗೊತ್ತು, ಮಗನೆ?" ತಮ್ಮ ಕಟ್ಟಳೆಯನ್ನು ಅಮ್ಮನವರು ತಾವೇ ಮುರಿದದ್ದು ಅದೊಂದೇ ಸಲ.

ಅವನ ಹೆಸರು ಮನ್ಸೂರ. ಬಾಗದಾದಿನ ಲಾಯದಲ್ಲಿ ಕುದುರೆಗಳನ್ನು ತಿಕ್ಕುತ್ತಿದ್ದವನು. ಹರುಕುಮುರುಕು ಕನ್ನಡದಲ್ಲಿ ಅವನು ಹೇಳಿದ: "ಕೊಮ್ಮ ಹೇಳಿದ. ನನ್ನ ಜೊತೆ ಇದ್ದ. ಈ ಮಾತು ಅವನೇ ಕಲಿಸಿದ. ಊರು ಬಿದ್ದಾಗ ಇಬ್ಬರೂ ಓಡಿದೆವು. ಅವನಿಗೆ ಹೊಟ್ಟೆಯಲ್ಲಿ ಬಾಣ. ಬೆಳಗಾಗುವಾಗ ನೀರು ಕೇಳಿದ. ಚೀಲದಲ್ಲಿ ಸ್ವಲ್ಪ ಇತ್ತು. ನಾನೇ ಬಾಯಿಗೆ ಹಾಕಿದೆ. ಕುಡಿದ. ಆಮೇಲೆ ಕೊನೇದು ಬೇಡ, ನೆಲಕ್ಕೆ ಬಿಡು ಅಂದ. ಹುಚ್ಚ, ನಮಗೇ ನೀರಿಲ್ಲ ಅಂತ ಬೈದೆ. ಅವನು ನಕ್ಕ. ಬಿಟ್ಟೆ. ಮರುದಿನ ನಾನು ಬಿದ್ದಾಗ ಯಾರೋ ಬಂದು ನನಗೆ ನೀರು ಕೊಟ್ಟರು. ಯಾರು, ಗೊತ್ತಿಲ್ಲ. ಅದಕ್ಕೆ ಈ ಕಲ್ಲು ನೋಡಬೇಕು ಅಂತ ಬಂದೆ."

ಬೈಚಸೆಟ್ಟಿ ಮುಖ ಮುಚ್ಚಿಕೊಂಡು ಅಣ್ಣನಿಗಾಗಿ ಆ ಸಂವತ್ಸರದಲ್ಲಿ ಮೊದಲ ಬಾರಿ ಅತ್ತ. ಸಾವಿಯಕ್ಕ ಮನ್ಸೂರನ ಮುಂದೆ ಕುಳಿತು, ನೀರು ಬಿಟ್ಟ ಆ ಎರಡು ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, "ದರ್ಭೆ ತನ್ನಿ, ಮೈದುನರೆ. ಇನ್ನು ಬೆಂಕಿ ಇಡಬಹುದು," ಎಂದಳು.

ಕರ್ಮ ಮುಗಿದ ಮೇಲೆ ಆಕೆ ಮನೆಗೆ ಹಿಂದಿರುಗಲಿಲ್ಲ. ಅಮ್ಮನವರು ಲಿಂಗೈಕ್ಯರಾದ ಮೇಲೂ ಆ ಅರವಟ್ಟಿಗೆಯಲ್ಲಿ ಸಾವಿಯವ್ವೆಯವರೇ ನೀರೆರೆದರು. ಹೊಳೆಯಿಂದ ಕೊಡ ಹೊರಲು ಮನ್ಸೂರನಿದ್ದ. ಎಷ್ಟೋ ಕಾಲದ ಮೇಲೂ ಹಿರಿಯರು ಅಲ್ಲಿ ದಣಿವಾರಿಸಿಕೊಳ್ಳುತ್ತ, ಕಾಳಯುಕ್ತದಲ್ಲಿ ಎಷ್ಟು ದೊರೆಗಳು ಅಳಿದರು, ಯಾವ ನಗರ ಉರಿಯಿತು, ಎಲ್ಲಿ ಸೂರ್ಯ ಮಂಕಾದ ಎಂದು ವಾದಿಸುತ್ತಿದ್ದರು. ನಿಮಗೇನು ನೆನಪುಂಟು, ತಾಯಿ ಎಂದು ಯಾರಾದರೂ ಕೇಳಿದರೆ, ಸಾವಿಯವ್ವೆಯವರು ಗಿಂಡಿ ಬಾಗಿಸುತ್ತಲೇ ಹೇಳುತ್ತಿದ್ದರು:

"ಆ ವರ್ಷವಾ? ಆ ವರ್ಷ ನಮ್ಮ ಯಜಮಾನರಿಗೆ ನೀರು ಸಿಕ್ಕಿತ್ತು ಅಂತ ಗೊತ್ತಾಯ್ತು."