ಕಟ್ಟೆ ಹತ್ತಿದ ಹೀರೋ

ಪೊಲೀಸ್ ಪಾತ್ರ ಕಲಿಯಬೇಕೆಂದು ಒಬ್ಬ ಸಿನಿಮಾ ಹೀರೋ ಮಫ್ತಿ ಪೇದೆ ಮುನಿನಂಜಪ್ಪನ ಬೆನ್ನು ಹತ್ತಿದ. ಹೋದಲ್ಲೆಲ್ಲ ಜನ ಹೀರೋನ ಮುತ್ತಿಕೊಂಡರೆ ಕಳ್ಳ ಸಿಗುವುದು ಹೇಗೆ?

"ಇವತ್ತು ಒಬ್ಬ ಜೇಬುಗಳ್ಳನನ್ನಾದರೂ ಹಿಡಿದು ತೋರಿಸು. ಇಲ್ಲದಿದ್ದರೆ ಸಾಹೇಬರಿಗೆ ಹೇಳಿ ನಿನ್ನ ಎತ್ತಂಗಡಿ ಮಾಡಿಸ್ತೀನಿ," ಎಂದ ಹೀರೋ.

"ಹಂಗಾದ್ರೆ ಕಪ್ಪು ಕನ್ನಡಕ ತೆಗೆದು ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ನಿಂತ್ಕೊಳಿ ಸಾರ್."

ನಿಂತ. ನೂರಾರು ಜನ ಸೇರಿದರು. ಮುನಿನಂಜಪ್ಪ ಗುಂಪಿಗೆ ನುಗ್ಗಿ ಒಬ್ಬನ ಕೈ ಹಿಡಿದು ಎಳೆದುತಂದ. ಆ ಕೈಯಲ್ಲಿ ಇನ್ಯಾರದೋ ಪರ್ಸಿತ್ತು.

ಹೀರೋಗೆ ತಲೆಬುಡ ತಿಳಿಯಲಿಲ್ಲ. "ಫೈಟೇ ಆಗ್ಲಿಲ್ವಲ್ಲಯ್ಯಾ! ಇಷ್ಟು ಜನರಲ್ಲಿ ಇವನೇ ಅಂತ ಹೇಗೆ ಗೊತ್ತಾಯ್ತು?"

"ಎಲ್ರೂ ನಿಮ್ಮ ಮುಖ ನೋಡ್ತಿದ್ರು ಸಾರ್. ಇವನೊಬ್ಬ ಜನರ ಜೇಬು ನೋಡ್ತಿದ್ದ."

ಹೀರೋ ಮುಖ ಸಣ್ಣದಾಯಿತು. ಕಳ್ಳನ ಕಡೆ ತಿರುಗಿ ಕೇಳಿದ:

"ಒಂದ್ಸಲಾನೂ ನನ್ನ ನೋಡ್ಲಿಲ್ವೇನಯ್ಯಾ?"