ಕೋಣನ ಕೋಡುಗಳ ನಡುವೆ ಕೂತ ಗೊರವಂಕ

ಮಕ್ಕಳೇ, ಕಗ್ಗಲಿ ಮರಗಳ ಕಾಡೊಂದರಲ್ಲಿ ಬೇಸಿಗೆಗೆ ಉಳಿಯುತ್ತಿದ್ದುದು ಒಂದೇ ಕೊಳ. ನೀರು ಕುಡಿಯಲು ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ಸಾಲು ಕಾಯುವ ಕೆಲಸ ಗಡಸಪ್ಪ ಎಂಬ ಕೋಣನದು. ಅವನಿಗೆ ಕೆಲಸದಲ್ಲಿ ಶ್ರದ್ಧೆಯಿತ್ತು, ಕೋಡಿನಲ್ಲಿ ಮಾತ್ರ ತಾಳ್ಮೆ ಇರಲಿಲ್ಲ.

"ತಿವಿದ" ಎಂದು ಚಿಕ್ಕ ಪ್ರಾಣಿಗಳು, "ಮುಟ್ಟೇ ಇಲ್ಲ" ಎಂದು ಗಡಸಪ್ಪ. ದಿನವೂ ಇದೇ ಜಗಳ ಕೇಳಿ ಸಾಕಾಗಿ, ಹಿರಿಯಳಾದ ಆಮೆ ಚಿಪ್ಪಜ್ಜಿ ಒಂದು ಏರ್ಪಾಡು ಮಾಡಿದಳು. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವ ಗೊರವಂಕ ಹಕ್ಕಿ ಚಿಲ್ಲಿ ಇನ್ನು ಮೇಲೆ ಕೋಣನ ಎರಡು ಕೋಡುಗಳ ನಡುವೆ ಕೂರಬೇಕು. ಸಂಜೆ ಬಂದು ವರದಿ ಹೇಳಬೇಕು.

ಗಡಸಪ್ಪ ಮುಖ ಊದಿಸಿಕೊಂಡ. ಆದರೆ ಮೊದಲ ವಾರವೇ ನರಿಯೊಂದು ಕುಂಟುತ್ತ ಬಂದು, "ನನ್ನನ್ನು ಒದ್ದ" ಎಂದು ದೂರಿತು. ಚಿಲ್ಲಿ ನರಿಯ ದನಿಯಲ್ಲೇ ಒಪ್ಪಿಸಿದಳು: "ಅಯ್ಯೋ, ಜಾರಿಬಿದ್ದೆ. ಇರಲಿ, ಕೋಣನೇ ಒದ್ದ ಅಂದರಾಯಿತು."

ನರಿಯ ಕುಂಟು ಅಲ್ಲೇ ವಾಸಿಯಾಯಿತು.

ಜಿಂಕೆ ತನ್ನ ನಾದಿನಿಯ ಬಗ್ಗೆ ಪಿಸುಗುಟ್ಟಿದ್ದನ್ನೂ ಚಿಲ್ಲಿ ಎಲ್ಲರೆದುರು ಒಪ್ಪಿಸಿದಳು. "ಜಗಳಕ್ಕೆ ಬೇಕಾದಷ್ಟು ಮಾತ್ರ ಹೇಳು ತಾಯಿ," ಎಂದಳು ಚಿಪ್ಪಜ್ಜಿ.

ಒಂದು ಮಧ್ಯಾಹ್ನ ಹೊಂಗಿ ಎಂಬ ಮೊಲ ಸಾಲಿನ ಮುಂದಕ್ಕೆ ಬಂದಳು. "ಅಣ್ಣಾ, ಮರಿಗಳಿಗೆ ಬಾಯಾರಿದೆ. ಒಂದು ಎಲೆ ನೀರು ಕೊಡು."

ಗಡಸಪ್ಪ ಜೋರಾಗಿ ತಲೆ ಕೊಡವಿದ. ಆ ರಭಸಕ್ಕೆ ಚಿಲ್ಲಿ ಮರದಾಚೆ ಹಾರಿಹೋದಳು. ಮರಳಿ ಬರುವಷ್ಟರಲ್ಲಿ ಹೊಂಗಿ ಪೊದೆಯಲ್ಲಿ ಬಿದ್ದಿದ್ದಳು, ಕಾಲು ಊದಿತ್ತು.

ಸಂಜೆ ಗಡಸಪ್ಪನೇ ಮೊದಲು ಬಾಯಿ ತೆರೆದ. "ಸಾಲು ಮುರಿದವಳು ಇವಳು. ಓಡುವಾಗ ಎಡವಿದಳು, ಈಗ ತಿವಿದೆ ಅಂತ ಸುಳ್ಳು ಹೇಳುತ್ತಾಳೆ. ಇವಳಿಗೆ ಕೊಳ ಬಂದ್ ಮಾಡಿ. ಬೇಕಿದ್ದರೆ ಚಿಲ್ಲಿಯನ್ನೇ ಕೇಳಿ."

"ನಾನು ನೋಡಲಿಲ್ಲ. ಆಗ ಮರದಾಚೆ ಇದ್ದೆ," ಎಂದಳು ಚಿಲ್ಲಿ.

ಕೊಳವಿಲ್ಲದೆ ಮರಿಗಳು ಎರಡು ದಿನವೂ ಬದುಕಲಾರವು. ಹೊಂಗಿ ಅಳಲಿಲ್ಲ, ಕೂತಲ್ಲಿಂದ ಕದಲಲೂ ಇಲ್ಲ.

"ಚಿಲ್ಲಿ, ಹೀಗೆ ನಿನ್ನನ್ನು ಎಷ್ಟು ಸಲ ಕೊಡವಿದ್ದಾನೆ?" ಎಂದು ಹೊಂಗಿಯೇ ಕೇಳಿದಳು.

"ನಾಲ್ಕು ಸಲ."

"ಎದುರಿಗೆ ಯಾರಿದ್ದಾಗ?"

"ಕಾಡುಕೋಳಿ, ಮುಂಗುಸಿ, ಅಳಿಲು. ಇವತ್ತು ನೀನು."

"ಆ ಮೂವರೂ ಸ್ವಲ್ಪ ನಡೆದು ತೋರಿಸಿ."

ಮೂವರೂ ನಡೆದರು. ಮೂವರೂ ಕುಂಟುತ್ತಿದ್ದರು.

"ನೊಣ ಕೂತಿತ್ತು, ಕೊಡವಿದೆ," ಎಂದ ಗಡಸಪ್ಪ ನೆಲ ನೋಡುತ್ತ.

"ಹೌದಾ? ಆನೆ ಬಂದಾಗ ಒಂದು ನೊಣವೂ ಕೂರುವುದಿಲ್ಲವಲ್ಲ, ಪಾಪ," ಎಂದಳು ಹೊಂಗಿ.

ಚಿಪ್ಪಜ್ಜಿ ಕತ್ತು ಹೊರಗೆ ಚಾಚಿದಳು. "ಗಡಸಪ್ಪ, ಈ ಬೇಸಿಗೆ ಮುಗಿಯುವ ತನಕ ನೀನು ನೀರು ಕುಡಿಯುವುದು ಸಾಲಿನ ಕೊನೆಗೆ. ಇನ್ನು ಹಕ್ಕಿಯನ್ನು ನೀನು ಎಬ್ಬಿಸಿದ ಹೊತ್ತಿನಲ್ಲಿ ಏನೇ ಆಗಲಿ, ಪೆಟ್ಟು ತಿಂದವರ ಮಾತೇ ಸಾಕ್ಷಿ."

ಮರುದಿನ ಹೊಂಗಿ ಮರಿಗಳನ್ನು ಕರೆದುಕೊಂಡು ಬಂದಳು. ಆಗ ಗಡಸಪ್ಪನ ಮೂಗಿನ ಮೇಲೆ ನಿಜವಾಗಿಯೂ ಒಂದು ನೊಣ ಬಂದು ಕೂತಿತು. ಅವನ ಕಣ್ಣಲ್ಲಿ ನೀರು ಬಂತು, ತಲೆ ಅಲುಗಲಿಲ್ಲ.

ಹೊಂಗಿ ಮರಿಗಳಿಗೆ ನಿಧಾನವಾಗಿ, ಬಹಳ ನಿಧಾನವಾಗಿ ನೀರು ಕುಡಿಸಿದಳು.

ನೀತಿ: ಕಾವಲುಗಾರನ ಮೇಲೊಂದು ಕಣ್ಣಿಟ್ಟರೆ ಸಾಲದು, ಆ ಕಣ್ಣು ಮುಚ್ಚಿಸುವ ಅಧಿಕಾರ ಅವನಿಗೇ ಇರಬಾರದು.